ಗೃಹಲಕ್ಷ್ಮಿ: ಎರಡು ಸಾವಿರದ ಸೇವೆಗೆ ಐದಕ್ಕೆ ಎರಡೂವರೆ

ಸರ್ಕಾರ ಕೊಡುವ ಹಣದ ಬಗ್ಗೆ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಬಡವರಿಗೆ ಕೊಟ್ಟಿದ್ದನ್ನು ಪ್ರಶ್ನಿಸಬಾರದು ಎಂಬುದು ಒಂದು. ಎಲ್ಲ ಬಿಟ್ಟಿ ಭಾಗ್ಯ, ಅದರ ಬಗ್ಗೆ ಮಾತೇ ಬೇಡ ಎಂಬುದು ಇನ್ನೊಂದು. ಈ ಜಗಳದಲ್ಲಿ, ಕರ್ನಾಟಕ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯನ್ನು ಒಂದು ಸೇವೆ ಎಂದು ಕೂತು ತೂಗುವವರೇ ಕಡಿಮೆ. ತೆರಿಗೆ ಕಟ್ಟುವವರು ಇದಕ್ಕೆ ದುಡ್ಡು ಹಾಕಿದ್ದಾರೆ, ಪಡೆಯುವವರು ಮನೆಯ ಲೆಕ್ಕವನ್ನೇ ಇದರ ಮೇಲೆ ಕಟ್ಟಿಕೊಂಡಿದ್ದಾರೆ. ಹಾಗಾಗಿ ಕೇಳಬೇಕಾದದ್ದು ಮೂರು: ಹೇಳಿದ ಹಣ ಹೇಳಿದ ಹೊತ್ತಿಗೆ ಬರುತ್ತದೆಯೇ, ನಿಂತರೆ ಕಾರಣ ಗೊತ್ತಾಗುತ್ತದೆಯೇ, ಪಡೆದ ಮನೆ ಮುಂದೆ ಇದಿಲ್ಲದೆಯೂ ನಡೆಯುವಂತಾಗುತ್ತದೆಯೇ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೆರವು ಕಷ್ಟದಲ್ಲಿರುವವರಿಗೆ ಸಿಗಲೇಬೇಕು. ಆದರೆ ಅದಕ್ಕೊಂದು ಗುರಿ ಇರಬೇಕು, ಗಡುವು ಇರಬೇಕು, ಮನೆ ನಡೆಸುವ ಹೊಣೆ ಮನೆಯವರ ಕೈಯಲ್ಲೇ ಉಳಿಯಬೇಕು. ಈ ಅಳತೆಯಲ್ಲಿ ಗೃಹಲಕ್ಷ್ಮಿಗೆ ಐದಕ್ಕೆ ಎರಡೂವರೆ ಅಂಕ. ಹಣ ಮಧ್ಯವರ್ತಿಯಿಲ್ಲದೆ ನೇರವಾಗಿ ಹೆಂಗಸಿನ ಖಾತೆಗೆ ಹೋಗುತ್ತದೆ, ಅದು ಸಣ್ಣ ಮಾತಲ್ಲ. ಆ ಎರಡೂವರೆ ಬಂದಿರುವುದೇ ಅದಕ್ಕೆ. ಉಳಿದ ಎರಡೂವರೆ ಎಲ್ಲೆಲ್ಲಿ ಹೋಯಿತು ಎಂಬುದು ಕೆಳಗಿದೆ.

ಯೋಜನೆ ಸರಳ. ರೇಷನ್ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ಎಂದು ಹೆಸರಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವ ಕಾರ್ಡಾದರೂ ಆಗುತ್ತದೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. 2023ರ ಜುಲೈ 19ಕ್ಕೆ ನೋಂದಣಿ ಶುರುವಾಯಿತು, ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ನಡೆಸುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ.

ನೋಂದಣಿಯ ಬಗ್ಗೆ ಹೆಚ್ಚು ದೂರಿಲ್ಲ. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್, ಬಾಪೂಜಿ ಸೇವಾ ಕೇಂದ್ರ, ಎಲ್ಲಿ ಹೋದರೂ ಆಗುತ್ತದೆ. ರೇಷನ್ ಕಾರ್ಡ್, ಯಜಮಾನಿ ಮತ್ತು ಗಂಡನ ಆಧಾರ್, ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್, ಇಷ್ಟಿದ್ದರೆ ಸಾಕು. ಅರ್ಜಿಗೆ ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಮಂಜೂರಾತಿ ಪತ್ರ ಸಿಕ್ಕರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಕೆಡುವುದು ಇದರ ನಂತರ. ಅರ್ಜಿ ಸರಿ, ಮಂಜೂರಾತಿಯೂ ಸರಿ, ಹಣ ಮಾತ್ರ ಬಂದಿಲ್ಲ ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಆಧಾರ್ ಸೀಡಿಂಗ್, ಅಂದರೆ ಸಹಾಯಧನಕ್ಕಾಗಿ ಆಧಾರ್ ಸಂಖ್ಯೆಯನ್ನು ಬ್ಯಾಂಕ್ ಖಾತೆಗೆ ಜೋಡಿಸುವುದು. ಹೆಚ್ಚಿನವರು ತಪ್ಪು ತಿಳಿದುಕೊಂಡಿರುವುದೂ ಇಲ್ಲೇ. ಅರ್ಜಿಯಲ್ಲಿ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಹಣ ಬರುತ್ತದೆ ಎಂದುಕೊಳ್ಳುತ್ತಾರೆ. ಆಧಾರ್ ಆಧಾರಿತ ಪಾವತಿ ಹಾಗೆ ನಡೆಯುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಬಳಿ ಮ್ಯಾಪರ್ ಎಂಬ ಪಟ್ಟಿಯಿದೆ. ಒಂದು ಆಧಾರ್ ಸಂಖ್ಯೆಯ ಎದುರು ಒಂದೇ ಬ್ಯಾಂಕಿನ ಹೆಸರು ಅದರಲ್ಲಿರುತ್ತದೆ. ಇಲಾಖೆ ಆಧಾರ್ ಸಂಖ್ಯೆಗೆ ಹಣ ಕಳಿಸುತ್ತದೆ, ಮ್ಯಾಪರ್ ಅದನ್ನು ಆ ಬ್ಯಾಂಕಿಗೆ ದಾಟಿಸುತ್ತದೆ, ತನ್ನಲ್ಲಿ ಆ ಆಧಾರ್‌ಗೆ ಜೋಡಿಸಿದ ಖಾತೆ ಯಾವುದು ಎಂದು ನೋಡಿ ಬ್ಯಾಂಕ್ ಜಮೆ ಮಾಡುತ್ತದೆ. ಖಾತೆ ತೆರೆಯುವಾಗ ಆಧಾರ್ ನಕಲು ಕೊಟ್ಟಿದ್ದರೆ ಅದು ಬರೀ ಕೆವೈಸಿ, ಅಂದರೆ ಗುರುತಿನ ದಾಖಲೆ. ಮ್ಯಾಪರ್‌ನಲ್ಲಿ ಹೆಸರು ಬರಬೇಕಾದರೆ ಸರ್ಕಾರಿ ಸಹಾಯಧನ ಈ ಖಾತೆಗೆ ಬರಲಿ ಎಂದು ಬೇರೆಯಾಗಿ ಒಪ್ಪಿಗೆ ಪತ್ರ ಕೊಡಬೇಕು.

ಇದರಿಂದ ಎರಡು ತೊಂದರೆಗಳಾಗುತ್ತವೆ. ಆಧಾರ್ ಎಲ್ಲೂ ಸೀಡ್ ಆಗಿರದಿದ್ದರೆ ಹಣ ಹಿಂದಿರುಗುತ್ತದೆ. ಬೇರೆ ಬ್ಯಾಂಕಿಗೆ ಸೀಡ್ ಆಗಿದ್ದರೆ ಹಣ ಬರುತ್ತಲೇ ಇರುತ್ತದೆ, ಆದರೆ ಮನೆಯವರು ಮರೆತೇಬಿಟ್ಟ ಖಾತೆಯಲ್ಲಿ ಕೂತಿರುತ್ತದೆ. ಯಾವಾಗಲೋ ಬೆರಳೊತ್ತಿ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದವರಿಗೆ ಹೀಗಾಗುವುದು ಹೆಚ್ಚು. ಕೊನೆಯದಾಗಿ ಸೀಡ್ ಆದ ಬ್ಯಾಂಕೇ ಮ್ಯಾಪರ್‌ನಲ್ಲಿ ಉಳಿಯುತ್ತದೆ, ಹಳೆಯದು ತಾನಾಗಿ ಅಳಿಸಿಹೋಗುತ್ತದೆ.

ಪರೀಕ್ಷಿಸಲು ಕಚೇರಿ ಸುತ್ತಬೇಕಿಲ್ಲ. ಮೈ ಆಧಾರ್ ಪುಟದಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಆಯ್ಕೆಯಿದೆ. ಬ್ಯಾಂಕಿನ ಹೆಸರು, ಸೀಡಿಂಗ್ ಸಕ್ರಿಯವಾಗಿದೆಯೇ, ಕೊನೆಯ ಬಾರಿ ಬದಲಾದ ದಿನಾಂಕ, ಮೂರೂ ಕಾಣುತ್ತವೆ. ಇಂಟರ್ನೆಟ್ ಇಲ್ಲದ ಫೋನಿನಲ್ಲಿ *99*99# ಒತ್ತಿ ಆಧಾರ್ ಸಂಖ್ಯೆ ಕೊಟ್ಟರೂ ತಿಳಿಯುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಬ್ಯಾಂಕಿನ ಶಾಖೆಯಲ್ಲಿ ಸೀಡಿಂಗ್ ಒಪ್ಪಿಗೆ ಪತ್ರ ಕೊಟ್ಟು, ಸ್ವೀಕೃತಿ ಪಡೆದು, ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಿದ್ದರೆ ಯಾವುದಕ್ಕೆ ಜೋಡಿಸಬೇಕು ಎಂದು ಪತ್ರದಲ್ಲೇ ಸಂಖ್ಯೆ ಬರೆಯಿರಿ.

ಇದೆಲ್ಲದಕ್ಕೂ ಒಟಿಪಿ ಬೇಕು. ಹಳ್ಳಿಗಳಲ್ಲಿ ಹೆಂಗಸರ ಆಧಾರ್‌ಗೆ ಗಂಡನ ಹಳೇ ನಂಬರೋ, ರೀಚಾರ್ಜ್ ಮಾಡದೆ ಸತ್ತುಹೋದ ಸಿಮ್ಮೋ ಜೋಡಣೆಯಾಗಿರುವುದು ಮಾಮೂಲು. ಆಧಾರ್ ಕೇಂದ್ರದಲ್ಲಿ ಮೊಬೈಲ್ ಬದಲಾವಣೆಗೆ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದ ಕೆಲಸ ಅದು, ಅದೂ ಯಜಮಾನಿಯ ಕೈಯಲ್ಲೇ ಇರುವ ನಂಬರಿಗೆ. ಮಗನ ನಂಬರಿಗೆ ಕೊಟ್ಟರೆ ಹಣ ಬಂದದ್ದು ಮೊದಲು ಗೊತ್ತಾಗುವುದು ಮಗನಿಗೆ.

ಖಾತೆಗೆ ನೇರವಾಗಿ ಬಂದ ಸರ್ಕಾರಿ ಹಣವನ್ನು ತೋರಿಸುವ ಡಿಬಿಟಿ ಕರ್ನಾಟಕ ಎಂಬ ಆ್ಯಪ್ ಈ ಸೇವೆಯ ಒಳ್ಳೆಯ ಭಾಗ. ಆಧಾರ್, ಒಟಿಪಿ, ನಾಲ್ಕಂಕಿಯ ಎಂಪಿನ್, ಅಷ್ಟೇ. ಪಾವತಿ ಸ್ಥಿತಿ ಒತ್ತಿದರೆ ಯಾವ ದಿನ, ಎಷ್ಟು, ಯಾವ ಬ್ಯಾಂಕಿಗೆ ಜಮೆಯಾಗಿದೆ ಎಂಬ ಪಟ್ಟಿ ಸಿಗುತ್ತದೆ. ಹೋದ ಹಣದ ಲೆಕ್ಕವನ್ನು ಇದು ಚೆನ್ನಾಗಿ ಕೊಡುತ್ತದೆ. ಆದರೆ ಹೋಗದ ಹಣ ಯಾಕೆ ಹೋಗಲಿಲ್ಲ, ಎಲ್ಲಿ ಯಾರು ತಡೆದಿದ್ದಾರೆ ಎಂಬುದಕ್ಕೆ ಸಿಡಿಪಿಒ ಕಚೇರಿಗೇ ಹೋಗಬೇಕು. ಅರ್ಧ ಅಂಕ ಇಲ್ಲಿ ಹೋಯಿತು.

ಎರಡನೆಯ ಅಡಚಣೆ ರೇಷನ್ ಕಾರ್ಡ್. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 13ನೇ ಕಲಂ ಪ್ರಕಾರ ಹದಿನೆಂಟು ದಾಟಿದ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ. ಆದರೂ ಗಂಡಸಿನ ಹೆಸರಿನಲ್ಲೇ ಉಳಿದ ಹಳೇ ಕಾರ್ಡುಗಳಿವೆ. ಅತ್ತೆ ತೀರಿಕೊಂಡ ಮೇಲೂ ಕಾರ್ಡಿನಲ್ಲಿ ಆಕೆಯ ಹೆಸರು ಹಾಗೇ ಇರುವ ಮನೆಗಳೂ ಇವೆ. ಸಾವು ನೋಂದಣಿ ಮಾಡಿಸಿ, ಕಾರ್ಡಿನಿಂದ ಹೆಸರು ತೆಗೆಸಿ, ಮುಖ್ಯಸ್ಥೆಯನ್ನು ಬದಲಿಸಿ, ಆಮೇಲೆ ಸೊಸೆಯ ಹೆಸರಿನಲ್ಲಿ ಹೊಸದಾಗಿ ಗೃಹಲಕ್ಷ್ಮಿ ನೋಂದಣಿ. ಕ್ರಮ ಇದೇ, ಹಿಂದುಮುಂದಾದರೆ ಅರ್ಜಿ ಮುಂದೆ ಹೋಗುವುದಿಲ್ಲ. ತೀರಿಕೊಂಡವರ ಖಾತೆಗೆ ಬಂದ ಹಣವನ್ನು ಎಟಿಎಂ ಕಾರ್ಡ್ ಹಿಡಿದು ತೆಗೆಯಬೇಡಿ. ಅದು ಆ ಮನೆಯ ಹಕ್ಕಿನ ಹಣವಲ್ಲ, ಇಲಾಖೆ ವಾಪಸು ಕೇಳಬಹುದು. ಅಂಗನವಾಡಿ ಮೇಲ್ವಿಚಾರಕಿಗೆ ತಿಳಿಸುವುದು ಕುಟುಂಬದ ಹೊಣೆ.

ಯೋಜನೆಯ ರಚನೆಯಲ್ಲಿರುವ ತಪ್ಪು ಕೂಡ ಈ ಕಾರ್ಡಿನಲ್ಲೇ ಕಾಣುತ್ತದೆ. ತೆರಿಗೆಯ ಷರತ್ತು ಯಜಮಾನಿ ಮತ್ತು ಗಂಡನಿಗೆ ಮಾತ್ರ. ಎರಡು ಗಂಡುಮಕ್ಕಳು ಒಳ್ಳೆಯ ಸಂಬಳ ತರುವ ಮನೆಯಲ್ಲಿ ತಾಯಿಗೆ 2,000 ಬರುತ್ತದೆ. ಚಿಕ್ಕ ಅಂಗಡಿ ಇಟ್ಟು ಪ್ರಾಮಾಣಿಕವಾಗಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವನ ಹೆಂಡತಿಗೆ ಇಲ್ಲ. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ ಎಂದಾಗ ಒಟ್ಟಿಗಿರುವ ಕುಟುಂಬಕ್ಕೆ ಒಂದು ಕಂತು, ಬೇರೆ ಕಾರ್ಡ್ ಮಾಡಿಸಿಕೊಂಡವರಿಗೆ ಎರಡು. 2023ರಲ್ಲಿ ಅತ್ತೆಗೋ ಸೊಸೆಗೋ ಎಂಬ ಚರ್ಚೆ ನಗುವಿನ ವಿಷಯವಾಗಿ ಮುಗಿದುಹೋಯಿತು. ಆದರೆ ನಿಯಮ ಪ್ರೋತ್ಸಾಹಿಸುತ್ತಿರುವುದು ಯಾವುದನ್ನು ಎಂದು ಅಲ್ಲೇ ಕೇಳಬೇಕಿತ್ತು. ಲೆಕ್ಕಪತ್ರ ಸರಿ ಇಟ್ಟುಕೊಂಡು ಕೂಡಿ ಬಾಳುವವರಿಗೆ ನಷ್ಟ ಮಾಡುವ ನೆರವಿನ ರಚನೆಯನ್ನು ನಾನು ಒಪ್ಪಲಾರೆ. ಇನ್ನೊಂದು ಅರ್ಧ ಅಂಕ ಇದಕ್ಕೆ ಹೋಯಿತು.

ಪೂರ್ತಿ ಒಂದು ಅಂಕ ಹೋಗಿದ್ದು ಸಮಯಕ್ಕೆ. ತಿಂಗಳಿಗೆ ಎಂದು ಹೆಸರು, ಬರುವ ದಿನ ಮಾತ್ರ ಗೊತ್ತಿಲ್ಲ. ಎರಡು ಕಂತು ಒಟ್ಟಿಗೆ ಬಂದದ್ದಿದೆ, ತಿಂಗಳುಗಟ್ಟಲೆ ಬಾರದೇ ಇದ್ದದ್ದೂ ಇದೆ. ಬ್ಯಾಂಕಿನ ಸಂದೇಶದಲ್ಲಿ ಇದು ಯಾವ ತಿಂಗಳ ಕಂತು ಎಂದು ಇರುವುದಿಲ್ಲವಾದ್ದರಿಂದ ಬಾಕಿ ಎಷ್ಟು ಎಂದು ಮನೆಯವರೇ ಲೆಕ್ಕ ಇಡಬೇಕು. 2023ರ ಆಗಸ್ಟ್‌ನಿಂದ 2025ರ ಡಿಸೆಂಬರ್‌ವರೆಗೆ 29 ತಿಂಗಳು. ಮೊದಲೇ ನೋಂದಣಿಯಾದವರಿಗೆ ಅಷ್ಟೂ ತಿಂಗಳಿಗೆ ಆಗಬೇಕಾದದ್ದು 58,000 ರೂಪಾಯಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ, 2,000ದ ಜಮೆಗಳನ್ನು ಎಣಿಸಿ, ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. 2025ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ಹಣ ಪಾವತಿಯಾಗಿಲ್ಲ ಎಂಬುದನ್ನು ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಅದೇ ವರ್ಷ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಕೊಂಡು ವಿಷಾದ ಹೇಳಿದರು. ಅಷ್ಟು ತಿಂಗಳ ಕಾಲ ಆ ಖಾಲಿ ಜಾಗ ಯಜಮಾನಿಯರ ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುವಂತೆ ಇತ್ತು.

ಮಾಧ್ಯಮಗಳ ಬಗ್ಗೆ ನನಗಿರುವ ಸಿಟ್ಟು ಈ ಎರಡು ತಿಂಗಳದ್ದೇ. ಗೃಹಲಕ್ಷ್ಮಿ ಹಣ ನಾಳೆ ಜಮೆ, ಈ ಜಿಲ್ಲೆಗಳಿಗೆ ಬಿಡುಗಡೆ, ಯಜಮಾನಿಯರಿಗೆ ಸಿಹಿಸುದ್ದಿ ಎಂಬ ತಲೆಬರಹಗಳು ದಿನಾ ಬರುತ್ತವೆ. ಒಳಗೆ ಓದಿದರೆ ಯಾವ ತಿಂಗಳದು ಎಂಬುದೇ ಇರುವುದಿಲ್ಲ. ಟಿವಿ ಚರ್ಚೆಯಲ್ಲಿ ಒಬ್ಬರು ಬಿಟ್ಟಿ ಭಾಗ್ಯ ಎನ್ನುತ್ತಾರೆ, ಇನ್ನೊಬ್ಬರು ಬಡವರ ವಿರೋಧಿ ಎನ್ನುತ್ತಾರೆ, ಅರ್ಧ ಗಂಟೆ ಮುಗಿಯುತ್ತದೆ. ಕಂತಿನ ಹಣ ಕೂಡಿಸಿ ಫ್ರಿಜ್ ಕೊಂಡರು, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು ಎಂಬ ಸುದ್ದಿ ಬಂದಾಗ ಆಳುವ ಪಕ್ಷ ಅದನ್ನೇ ಯಶಸ್ಸಿನ ಸಾಕ್ಷಿ ಮಾಡಿಕೊಳ್ಳುತ್ತದೆ. ಕುಡಿತಕ್ಕೆ ಹೋಯಿತು ಎಂಬ ಸುದ್ದಿ ಬಂದಾಗ ಎದುರು ಪಕ್ಷ ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಮನೆಯ ಸುದ್ದಿ ಒಂದು ಮನೆಯದ್ದು. ಕೋಟಿಗೂ ಮೀರಿದ ಮನೆಗಳ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಪತ್ರಿಕೆಯಲ್ಲಿ ಮುಖಪುಟದ ಪೂರ್ತಿ ಸರ್ಕಾರಿ ಜಾಹೀರಾತು, ಒಳಪುಟದಲ್ಲಿ ಅದೇ ಯೋಜನೆಯ ವರದಿ ಇದ್ದರೆ ಓದುಗರು ಎರಡನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ನನ್ನ ಮನಸ್ಸಿಗೆ ಹತ್ತಿರವಾದ ಸಂಪ್ರದಾಯವಾದಿ ವ್ಯಾಖ್ಯಾನಕಾರರಿಗೂ ಇದೇ ಮಾತು. ಪಡೆಯುವ ಹೆಂಗಸನ್ನು ಹಂಗಿಸಿ ಏನೂ ಸಾಧಿಸಿದಂತಾಗುವುದಿಲ್ಲ. ಕೇಳಬೇಕಾದದ್ದು ಖಜಾನೆಯ ಲೆಕ್ಕವನ್ನು.

ಆ ಲೆಕ್ಕ ಕಷ್ಟದ್ದೇನಲ್ಲ. 2025–26ರ ರಾಜ್ಯ ಬಜೆಟ್ 4,09,549 ಕೋಟಿ. ಗೃಹಲಕ್ಷ್ಮಿಗೆ ಇಟ್ಟಿದ್ದು 28,608 ಕೋಟಿ, ಅಂದರೆ ನೂರಕ್ಕೆ ಸುಮಾರು ಏಳು ರೂಪಾಯಿ. ಗೃಹಲಕ್ಷ್ಮಿ ಸೇರಿ ಸರ್ಕಾರದ ಐದೂ ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ. 28,608 ಕೋಟಿಯನ್ನು ವರ್ಷದ 24,000 ರೂಪಾಯಿಯಿಂದ ಭಾಗಿಸಿ ನೋಡಿ: 1 ಕೋಟಿ 19 ಲಕ್ಷದ 20 ಸಾವಿರ ಮನೆಗಳಿಗೆ ಹನ್ನೆರಡು ಕಂತು. ಸರ್ಕಾರವೇ ಹೇಳುವ ಫಲಾನುಭವಿಗಳ ಸಂಖ್ಯೆ 1.2 ಕೋಟಿ ದಾಟಿದೆ. ಬಜೆಟ್ಟಿನಲ್ಲೇ ಅಳತೆ ಬಿಗಿಯಾಗಿದ್ದರೆ ವರ್ಷದ ಕೊನೆಯ ಕಂತುಗಳು ಅಲುಗಾಡುವುದು ಸಹಜ. ಅದೇ ಬಜೆಟ್ಟಿನಲ್ಲಿ ರಾಜಸ್ವ ಕೊರತೆ 19,262 ಕೋಟಿ. ದಿನದ ಖರ್ಚಿನ ಒಂದು ಭಾಗಕ್ಕೆ ಸಾಲ ತರುತ್ತಿರುವ ಸರ್ಕಾರ ಗಡುವಿಲ್ಲದ ಮಾಸಿಕ ಪಾವತಿಗೆ ಮಾತು ಕೊಟ್ಟಿದೆ. ಆ ಸಾಲ ತೀರಿಸುವವರು ಇಂದು ಕಂತು ಪಡೆಯುವ ಮನೆಗಳ ಮಕ್ಕಳೇ. ಉಳಿದ ಅರ್ಧ ಅಂಕವನ್ನು ಕಳೆದಿರುವುದು ಈ ಗಡುವಿಲ್ಲದ ಮಾತಿಗೆ.

ಗಡುವು ಇಡಲು ಬರುವುದಿಲ್ಲ ಎಂದೇನಿಲ್ಲ. ಅದೇ ಐದರಲ್ಲಿ ಒಂದಾದ, ನಿರುದ್ಯೋಗಿಗಳಿಗೆ ತಿಂಗಳ ಭತ್ಯೆ ಕೊಡುವ ಯುವನಿಧಿಯಲ್ಲಿ ಇದೆ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಮಾತ್ರ ಅರ್ಹತೆ. ಓದು ಮುಂದುವರಿಸಿದರೆ ಇಲ್ಲ, ಕೆಲಸ ಸಿಕ್ಕರೆ ನಿಲ್ಲುತ್ತದೆ. ತಾನಿನ್ನೂ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ನೆರವು ಹೇಗಿರಬೇಕೋ ಹೆಚ್ಚೂಕಡಿಮೆ ಹಾಗೆಯೇ ಇದೆ. ಮನೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಇವೆ. ಮೀಟರ್ ಓಡುತ್ತದೆ, ಬಿಲ್ ಬರುತ್ತದೆ, 200 ಯೂನಿಟ್ ದಾಟಿದರೆ ಪೂರ್ತಿ ನೀವೇ ಕಟ್ಟಬೇಕು, ಹಾಗಾಗಿ ಸ್ವಿಚ್ ಆರಿಸುವ ಎಚ್ಚರ ಉಳಿಯುತ್ತದೆ. ಆದರೆ ಉಚಿತದ ಮಿತಿಯನ್ನು 2022–23ರ ಸರಾಸರಿಯ ಮೇಲೆ ಶೇ 10 ಎಂದು ಕಟ್ಟಿದ್ದರಿಂದ ಆ ವರ್ಷ 150 ಯೂನಿಟ್ ಸುಟ್ಟವರಿಗೆ 165 ಸಿಕ್ಕಿತು, 60ರಲ್ಲಿ ಮುಗಿಸಿದವರಿಗೆ 66. ಮಿತವಾಗಿ ಬಳಸಿದವರಿಗೆ ಕಡಿಮೆ. ಬಾಡಿಗೆ ಮನೆ ಬದಲಿಸುವವರು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹಳೇ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರನ್ನು ಡಿ-ಲಿಂಕ್ ಮಾಡಿಸಿಯೇ ಹೊಸದಕ್ಕೆ ಅರ್ಜಿ ಹಾಕಬೇಕು, ಅದನ್ನು ಮರೆಯಬೇಡಿ.

ಇನ್ನು ಹಣ ಕೈಗೆ ಬಂದ ಮೇಲಿನ ಮಾತು. ಇಲ್ಲಿ ಸರ್ಕಾರದ ಪಾತ್ರ ಮುಗಿದು ಮನೆಯದು ಶುರುವಾಗುತ್ತದೆ. ದಿನಾಂಕವಿಲ್ಲದ ಹಣವನ್ನು ದಿನಾಂಕವಿರುವ ಸಾಲಕ್ಕೆ ಕಟ್ಟಬೇಡಿ. ವಾರದ ಕಂತಿನ ಸಂಘದ ಸಾಲವನ್ನು ಗೃಹಲಕ್ಷ್ಮಿ ನಂಬಿ ಎತ್ತಿದವರು ಎರಡು ತಿಂಗಳು ಹಣ ಬಾರದಿದ್ದರೆ ಇನ್ನೊಂದು ಸಾಲ ಎತ್ತಿ ಇದನ್ನು ತೀರಿಸುತ್ತಾರೆ, ಅಲ್ಲಿಂದ ಬಿಡಿಸಿಕೊಳ್ಳುವುದು ಕಷ್ಟ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಪರಿಸ್ಥಿತಿ ಹೇಗಿತ್ತು ಎಂದು ಊಹಿಸಬಹುದು. ಹಳೇ ಸಾಲವಿರುವ ಬ್ಯಾಂಕಿನ ಖಾತೆಗೇ ಆಧಾರ್ ಸೀಡ್ ಆಗಿದ್ದರೆ ಬಂದ ಹಣ ಬಾಕಿಗೆ ಹೊಂದಿಕೆಯಾಗುವ ಸಾಧ್ಯತೆ ಇದೆ. ಹಾಗೆ ಮಾಡಬೇಡಿ ಎಂದು ಸರ್ಕಾರ ಬ್ಯಾಂಕುಗಳಿಗೆ ಹೇಳಿದೆಯಾದರೂ, ಸಾಲವಿಲ್ಲದ ಬೇರೆ ಬ್ಯಾಂಕಿಗೆ ಸೀಡಿಂಗ್ ಬದಲಿಸಿಕೊಂಡರೆ ತಲೆನೋವೇ ಇರುವುದಿಲ್ಲ. ಸಾಲವನ್ನು ದುಡಿಮೆಯಿಂದ ತೀರಿಸಲೇಬೇಕು, ಅದು ಬೇರೆ ವಿಷಯ.

ಕೂಡಿಡುವವರಿಗೆ ಅಂಚೆ ಕಚೇರಿಯ ಮಾಸಿಕ ಉಳಿತಾಯ ಠೇವಣಿಯಾದ ಆರ್‌ಡಿ ಈ ಹಣಕ್ಕೆ ಹೊಂದುತ್ತದೆ. ತಿಂಗಳಿಗೆ 1,000ದಂತೆ ಐದು ವರ್ಷ ಕಟ್ಟಿದರೆ, ಶೇ 6.7 ಬಡ್ಡಿಯಲ್ಲಿ 60,000ಕ್ಕೆ ಸುಮಾರು 71,300 ಸಿಗುತ್ತದೆ. ತಪ್ಪಿದ ಕಂತಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ತಪ್ಪಿದರೆ ಖಾತೆ ನಿಲ್ಲುತ್ತದೆ, ಮತ್ತೆ ನಡೆಸಲು ಎರಡು ತಿಂಗಳ ಅವಕಾಶವಿರುತ್ತದೆ. ಆದ್ದರಿಂದ ಆರ್‌ಡಿಯ ಮೊತ್ತ ನಿಮ್ಮ ಸ್ವಂತ ದುಡಿಮೆಯಿಂದಲೂ ಕಟ್ಟಬಲ್ಲಷ್ಟೇ ಇರಲಿ. ಎರಡು ಮೂರು ಕಂತು ಒಟ್ಟಿಗೆ ಬಂದ ತಿಂಗಳು ಮುಂದಿನ ತಿಂಗಳುಗಳದ್ದನ್ನೂ ಮುಂಗಡವಾಗಿ ಕಟ್ಟಿಬಿಡಿ. ವಿಮೆ ಮಾಡಿಸದ ಮನೆಯಾದರೆ ಅದು ಆರ್‌ಡಿಗಿಂತ ಮೊದಲು. ಕೇಂದ್ರ ಸರ್ಕಾರದ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ ಎರಡು ಲಕ್ಷ. ಜೀವನ್ ಜ್ಯೋತಿ ವರ್ಷಕ್ಕೆ 436, ಯಾವುದೇ ಕಾರಣದ ಸಾವಿಗೆ ಎರಡು ಲಕ್ಷ. ಜೀವನ್ ಜ್ಯೋತಿಗೆ ಸೇರಲು ವಯಸ್ಸು ಐವತ್ತರ ಒಳಗಿರಬೇಕು. ಎರಡರ ಅವಧಿಯೂ ಜೂನ್ 1ರಿಂದ ಮೇ 31ರವರೆಗೆ, ವಿಮೆಯ ಕಂತು ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ದುಡಿಯುವ ಗಂಡ ಹೆಂಡತಿ ಇಬ್ಬರಿಗೂ ಎರಡೂ ಮಾಡಿಸಿದರೆ ವರ್ಷಕ್ಕೆ 912 ರೂಪಾಯಿ, ಗೃಹಲಕ್ಷ್ಮಿಯ ಒಂದು ಕಂತಿನ ಅರ್ಧಕ್ಕಿಂತ ಕಡಿಮೆ. ಮೇ ತಿಂಗಳಲ್ಲಿ ಬಂದ 2,000ವನ್ನು ಪೂರ್ತಿ ತೆಗೆಯದೆ ಅಷ್ಟನ್ನು ಖಾತೆಯಲ್ಲಿ ಬಿಡಿ. ಗಂಡನ ಖಾತೆ ಬೇರೆಯಾದರೆ ಅವನ 456 ರೂಪಾಯಿಯನ್ನು ಅವನ ಖಾತೆಗೆ ಮೇ 20ರೊಳಗೆ ಹಾಕಿಟ್ಟಿರಿ.